ಮಷಿನ್ ಮೊದಲು ಬಂತು, ಪಾಠ ಆಮೇಲೆ

ಮುಂಬೈಯ ಯಾವುದಾದರೂ ಕನ್ನಡ ಸಂಘದ ಮೆಡಿಕಲ್ ಕ್ಯಾಂಪ್‌ನಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ಎರಡು ದೂರು ಕಿವಿಗೆ ಬೀಳುತ್ತವೆ. ವಯಸ್ಸಾದವರು ಹೇಳುತ್ತಾರೆ, ಈಗಿನ ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡೋದೇ ಇಲ್ಲ, ಸೀದಾ ಸೋನೋಗ್ರಫಿಗೆ ಬರೆದುಕೊಡ್ತಾರೆ ಅಂತ. ಮಕ್ಕಳನ್ನು ಎಂಬಿಬಿಎಸ್‌ಗೆ ಸೇರಿಸಿದವರದು ಬೇರೆ ಗೋಳು. ಹುಡುಗ ಬೊಂಬೆಗೆ ಸೂಜಿ ಚುಚ್ಚಿ ಕಲಿಯುತ್ತಿದ್ದಾನಂತೆ, ಸಿಲೆಬಸ್ ಬದಲಾಗಿದೆಯಂತೆ, ಓದಿನ ಕೊನೆಗೆ ದೇಶಕ್ಕೆಲ್ಲ ಒಂದೇ ಆಗಿ ನೆಕ್ಸ್ಟ್ ಅಂತ ಒಂದು ಪರೀಕ್ಷೆ ಬರುತ್ತಂತೆ, ಇಲ್ಲ ಬರಲ್ವಂತೆ. ಇದರ ಮಧ್ಯೆ ಎಐ ಎಕ್ಸ್‌ರೇ ಓದುತ್ತದೆ, ರೋಬೋಟ್ ಆಪರೇಷನ್ ಮಾಡುತ್ತದೆ ಅನ್ನುವ ಜಾಹೀರಾತು ಬೇರೆ. ಯಾವುದು ಎಲ್ಲಿಂದ ಶುರುವಾಯಿತು ಅಂತಲೇ ತಿಳಿಯದಷ್ಟು ಸಿಕ್ಕಾಗಿದೆ.

ನಾನು ಡಾಕ್ಟರ್ ಅಲ್ಲ. ತೊಂಬತ್ತರ ದಶಕದಲ್ಲಿ ಪ್ರಿನ್ಸೆಸ್ ಸ್ಟ್ರೀಟ್ ಕಡೆ ಸರ್ಜಿಕಲ್ ಲೈನ್‌ನಲ್ಲಿದ್ದೆ. ಅಂದರೆ ಆಪರೇಷನ್ ಥಿಯೇಟರಿನ ಸಾಮಾನು ಮಾರುವ ಕೆಲಸ. ಹಾಗಾಗಿ ಆ ಕಾಲದ ಬಗ್ಗೆ ಜಾಸ್ತಿ ಬರೆಯುತ್ತೇನೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಹಳೆಯ ಕಥೆ ಚಿಕ್ಕದಾಗಿ ಹೀಗೆ. ಗೋವಾದಲ್ಲಿ ಪೋರ್ಚುಗೀಸರು 1842ರಲ್ಲೇ ವೈದ್ಯಕೀಯ ಶಾಲೆ ತೆರೆದರು. ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜು 1845ರದ್ದು, ಅದರ ಜೊತೆಗೇ ಜೆಜೆ ಆಸ್ಪತ್ರೆ. 1896ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಅದನ್ನು ಗುರುತಿಸಿದವರು ಗೋವಾ ಮೂಲದ ಡಾ. ಅಕಾಸಿಯೊ ವಿಯೇಗಸ್. ಮುಂದಿನ ಜನವರಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಅದೇ ಗ್ರಾಂಟ್ ಕಾಲೇಜಿನಲ್ಲಿ ತಯಾರಿಸಿದ ಲಸಿಕೆಯನ್ನು ಮೊದಲು ತಾವೇ ಚುಚ್ಚಿಕೊಂಡರು. ಆಮೇಲೆ ಬೈಕಳಾ ಜೈಲಿನ ಕೈದಿಗಳ ಸರದಿ. ಹೊಸ ಚಿಕಿತ್ಸೆಯ ಮೊದಲ ಪ್ರಯೋಗ ಯಾರ ಮೈಮೇಲೆ ಅನ್ನುವ ಪ್ರಶ್ನೆ ಆಗಲೇ ಇತ್ತು.

1968ರ ಫೆಬ್ರವರಿಯಲ್ಲಿ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಹೃದಯ ಕಸಿ ಮಾಡಿದರು. ದಕ್ಷಿಣ ಆಫ್ರಿಕಾದಲ್ಲಿ ಜಗತ್ತಿನ ಮೊದಲ ಕಸಿ ನಡೆದು ಆಗಿನ್ನೂ ಮೂರು ತಿಂಗಳೂ ಆಗಿರಲಿಲ್ಲ. ರೋಗಿ ಕೆಲವೇ ಗಂಟೆ ಬದುಕಿದರು. ಹೃದಯ ಇನ್ನೂ ಬಡಿಯುತ್ತಿದ್ದರೂ ಮೆದುಳು ನಿಂತರೆ ಅದೂ ಸಾವೇ, ಆಗ ಕಸಿಗೆ ಅಂಗ ತೆಗೆಯಬಹುದು ಅಂತ ಒಪ್ಪಿಕೊಂಡ ಕಾನೂನು ನಮ್ಮಲ್ಲಿ ಬಂದದ್ದು 1994ರಲ್ಲಿ. ಅಂದರೆ 26 ವರ್ಷ ಆದಮೇಲೆ. ಸೋನೋಗ್ರಫಿಯದೂ ಇದೇ ದಾರಿ. ಮಷಿನ್ ಬಂತು, ಹೊಟ್ಟೆಯಲ್ಲಿ ಹೆಣ್ಣೋ ಗಂಡೋ ಅಂತ ಹೇಳುವ ದಂಧೆ ಬೆಳೆಯಿತು, ಹೋರಾಟಗಳಾದವು, ಆಮೇಲೆ 1988ರಲ್ಲಿ ಮಹಾರಾಷ್ಟ್ರ ದೇಶದಲ್ಲೇ ಮೊದಲ ಬಾರಿಗೆ ಕಾನೂನು ಮಾಡಿತು. ಇಂಥ ಕಾನೂನು ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಇನ್ನೊಂದು ಪರಿಣಾಮವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಬೇರೆ ದೇಶಗಳಲ್ಲಿ ವಿದ್ಯಾರ್ಥಿಗಳು ಪುಟ್ಟ ಅಲ್ಟ್ರಾಸೌಂಡ್ (ಸೋನೋಗ್ರಫಿ) ಸಾಧನವನ್ನು ಜೇಬಿನಲ್ಲಿಟ್ಟುಕೊಂಡು ವಾರ್ಡಿನಲ್ಲೇ ಕಲಿಯುತ್ತಾರೆ. ನಮ್ಮಲ್ಲಿ ಮಷಿನ್, ಜಾಗ, ಬಳಸುವವರು ಎಲ್ಲವೂ ನೋಂದಣಿಯಾಗಿರಬೇಕು. ಹಾಗಾಗಿ ರೋಗಿಯ ಹಾಸಿಗೆ ಹತ್ತಿರವೇ ನಿಂತು ಅದನ್ನು ಕಲಿಯುವುದು ಕಷ್ಟ.

ಇನ್ನು ನನಗೆ ಚೆನ್ನಾಗಿ ಗೊತ್ತಿರುವ ವಿಷಯ, ದುರ್ಬೀನ್ ಆಪರೇಷನ್. ಮುಂಬೈಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಊರ ಕಡೆ ಕೆಲವರು ಲೇಸರ್ ಅನ್ನುತ್ತಾರೆ, ಅದಕ್ಕೂ ಲೇಸರ್‌ಗೂ ಸಂಬಂಧವೇ ಇಲ್ಲ. ಲ್ಯಾಪರೊಸ್ಕೋಪಿ ಅಂದರೆ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸಿ, ಮೂರು-ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಹತಾರ ಇಳಿಸಿ ಮಾಡುವ ಆಪರೇಷನ್. ಈ ದುರ್ಬೀನು ನಮ್ಮ ಹಳ್ಳಿಗಳಿಗೆ ಬಂದದ್ದು ಪಿತ್ತಕೋಶದ ಕಲ್ಲಿಗಾಗಿ ಅಲ್ಲ. ಕುಟುಂಬ ಯೋಜನೆಯ ಕ್ಯಾಂಪ್‌ಗಳಿಗೆ, ಸಾಲಾಗಿ ಮಲಗಿಸಿದ ಹೆಂಗಸರಿಗೆ. ಅಲ್ಲಿ ಸರ್ಜನ್ ಒಬ್ಬರೇ ಕೊಳವೆಗೆ ಕಣ್ಣಿಟ್ಟು ನೋಡುತ್ತಿದ್ದರು. ಪಕ್ಕದಲ್ಲಿದ್ದವರಿಗೆ ಏನೂ ಕಾಣುತ್ತಿರಲಿಲ್ಲ.

ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ದುರ್ಬೀನಿನಿಂದ ಪಿತ್ತಕೋಶ ತೆಗೆದರು. ಫ್ರಾನ್ಸ್‌ನ ಲಿಯಾನ್‌ನಲ್ಲಿ ಫಿಲಿಪ್ ಮೂರೆ 1987ರಲ್ಲಿ ಮಾಡಿದರು. ಭಾರತದಲ್ಲಿ ಮೊದಲು ಮಾಡಿದ್ದು 1990ರಲ್ಲಿ, ಮುಂಬೈಯ ಜೆಜೆ ಆಸ್ಪತ್ರೆಯಲ್ಲಿ, ಡಾ. ತೆಹಮ್ಟನ್ ಉದ್ವಾಡಿಯಾ. ಅವರು ಎಪ್ಪತ್ತರ ದಶಕದಿಂದಲೇ ರೋಗ ಪತ್ತೆಗೆ ಈ ಕೊಳವೆ ಬಳಸುತ್ತಿದ್ದವರು, ಕೈ ಪಳಗಿತ್ತು. ಮೊದಲ ಆಪರೇಷನ್ ನಡೆದದ್ದು ದೊಡ್ಡ ಪ್ರೈವೇಟ್ ಆಸ್ಪತ್ರೆಯಲ್ಲಿ ಅಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಆಮೇಲೆ ಶುರುವಾದದ್ದು ಓಟ. ರೋಗಿಗೆ ನೋವು ಕಡಿಮೆ, ಎರಡು ದಿನದಲ್ಲಿ ಮನೆಗೆ, ಕಲೆ ಕಾಣಿಸದು. ಇಂಥದ್ದನ್ನು ಬೇಡ ಅನ್ನುವವರು ಯಾರು? ಪಕ್ಕದ ನರ್ಸಿಂಗ್ ಹೋಮ್‌ನಲ್ಲಿ ಸೆಟ್ ಬಂದರೆ ಇವರಿಗೂ ಬೇಕು. ಸರ್ಜನ್‌ಗಳು ಎರಡು ದಿನದ ವರ್ಕ್‌ಶಾಪ್‌ಗೆ ಹೋಗಿ ಬರುತ್ತಿದ್ದರು, ಮುಂದಿನ ವಾರ ನಮ್ಮ ಅಂಗಡಿಗೆ ಫೋನ್. ನಾವೂ ಮಾರಿದೆವು, ಸುಮ್ನೆ ಯಾಕೆ ಮುಚ್ಚಿಡಲಿ. ಮಾರುವವರಿಗೆ ಕೊಳ್ಳುವವರ ಕೈ ಎಷ್ಟು ಪಳಗಿದೆ ಅಂತ ಕೇಳುವ ಪದ್ಧತಿ ಇರಲಿಲ್ಲ. ಆಸ್ಪತ್ರೆಗಳಲ್ಲೂ ಇರಲಿಲ್ಲ, ಎಂಎಸ್ ಡಿಗ್ರಿ ಇದ್ದರೆ ಆಯಿತು.

ಕೆಲಸ ಮಾತ್ರ ಪೂರ್ತಿ ಬೇರೆ. ತೆರೆದ ಹೊಟ್ಟೆಯಲ್ಲಿ ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗೆ ಆಳ ಕಾಣುತ್ತದೆ. ಇಲ್ಲಿ ಕಾಣುವುದು ಚಪ್ಪಟೆ ಟಿವಿ ಚಿತ್ರ. ತೂತಿನ ಮೂಲಕ ಹೋಗುವ ಹತಾರ ಕೀಲಿನ ಮೇಲೆ ತಿರುಗಿದ ಹಾಗೆ, ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ. ವರ್ಷಗಟ್ಟಲೆ ಚಾಕು ಹಿಡಿದ ದೊಡ್ಡ ಸರ್ಜನ್ ಕೂಡ ಮೊದಲ ದಿನ ಹೊಸಬರೇ. ಪಿತ್ತಕೋಶದ ನಾಳದ ಬದಲು ಅದರ ಪಕ್ಕದ ಮುಖ್ಯ ಪಿತ್ತನಾಳವನ್ನು ಕತ್ತರಿಸಿದರೆ ಆ ರೋಗಿಯ ಬದುಕೇ ಬದಲಾಗಿ ಹೋಗುತ್ತದೆ. ಮತ್ತೆ ಮತ್ತೆ ಕಾಮಾಲೆ, ಜ್ವರ, ಇನ್ನೊಂದು ದೊಡ್ಡ ಆಪರೇಷನ್.

ಇದಕ್ಕೆ ಲೆಕ್ಕವೂ ಉಂಟು. 1991ರಲ್ಲಿ ಅಮೆರಿಕದ ದಕ್ಷಿಣ ಭಾಗದ ಸರ್ಜನ್‌ಗಳ ಒಂದು ಗುಂಪು ತಮ್ಮ 1518 ಕೇಸ್‌ಗಳನ್ನು ಬಿಚ್ಚಿಟ್ಟಿತು. ಪ್ರತಿ ತಂಡದ ಮೊದಲ 13 ರೋಗಿಗಳಲ್ಲಿ ಪಿತ್ತನಾಳಕ್ಕೆ ಪೆಟ್ಟಾದದ್ದು ಶೇ. 2.2. ಆ 13ರ ನಂತರ ಶೇ. 0.1. ಸರ್ಜನ್ ಅವರೇ, ಮಷಿನ್ ಅದೇ. ರೋಗಿ ಎಷ್ಟನೆಯವರು ಅನ್ನುವುದಷ್ಟೇ ವ್ಯತ್ಯಾಸ. ನಾಳ ಕತ್ತರಿಸುವ ಮೊದಲು ಯಾವ ಯಾವ ಭಾಗ ಸ್ಪಷ್ಟವಾಗಿ ಕಾಣಲೇಬೇಕು ಅನ್ನುವ ನಿಯಮವನ್ನು ಸರ್ಜನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಬರೆದದ್ದು 1995ರಲ್ಲಿ. ಅಷ್ಟರಲ್ಲಿ ಆಪರೇಷನ್ ಜಗತ್ತೆಲ್ಲ ಹಬ್ಬಿಯಾಗಿತ್ತು.

ಆ 13 ಜನ ಮುಂಬೈಯಲ್ಲಿ ಯಾರಿರಬಹುದು? ಅದನ್ನು ಯಾರೂ ಪಟ್ಟಿ ಮಾಡಲಿಲ್ಲ. ಆದರೆ ಕಲಿಯುವ ಕೈಗಳು ಜಾಸ್ತಿ ಇರುವುದು ಜನರಲ್ ವಾರ್ಡ್‌ನಲ್ಲಿ. ಹೋಟೆಲ್ ಧಣಿಗೆ ಕಲ್ಲು ಬಂದರೆ ಪ್ರೈವೇಟ್, ಅದೇ ಹೋಟೆಲಿನ ಮಾಣಿಗೆ ಬಂದರೆ ಪಾಲಿಕೆ ಆಸ್ಪತ್ರೆ. ಕೇಸ್ ಪೇಪರ್ ಮಾಡಿಸಿ, ಕನ್ನಡ ಬರುವ ಸಿಸ್ಟರ್ ಇದ್ದಾರಾ ಅಂತ ಹುಡುಕಿ, ಮರಾಠಿ ಫಾರ್ಮಿಗೆ ಹೆಬ್ಬೆಟ್ಟು ಒತ್ತಿ ಮಲಗುವವನು ಮಾಣಿ. ಅವನಿಗೆ ಅಲ್ಲಿ ಒಳ್ಳೆಯ ಚಿಕಿತ್ಸೆಯೇ ಸಿಗುತ್ತದೆ, ಎಷ್ಟೋ ಸಲ ಪ್ರೈವೇಟ್‌ಗಿಂತ ಚೆನ್ನಾಗಿ, ಯಾಕೆಂದರೆ ಹಿರಿಯರು ಹಿಂದೆಯೇ ನಿಂತಿರುತ್ತಾರೆ. ಆದರೆ ಮುಂದೆ ಧಣಿಯ ಆಪರೇಷನ್ ಸಲೀಸಾಗಿ ಮಾಡುವ ಸರ್ಜನ್ ಕಲಿತದ್ದು ಇಂಥ ಮಾಣಿಗಳ ಹೊಟ್ಟೆಯಲ್ಲಿ ಅಲ್ವಾ?

ಕಲಿಸುವ ಕಡೆ ಏನಾಯಿತು ಅಂದರೆ, ಒಂದು ಸಿಕ್ಕಿತು, ಒಂದು ಹೋಯಿತು. ಮೊದಲು ಜೂನಿಯರ್ ರೆಸಿಡೆಂಟ್, ಅಂದರೆ ಸರ್ಜರಿ ಕಲಿಯುತ್ತಿರುವ ಡಾಕ್ಟರ್, ಗಾಯ ಅಗಲಿಸುವ ರಿಟ್ರಾಕ್ಟರ್ ಎಳೆದು ಹಿಡಿದು ನಿಲ್ಲುತ್ತಿದ್ದ. ಒಳಗಿನದು ಅರೆಬರೆ ಕಾಣುತ್ತಿತ್ತು, ಆದರೆ ಗುರು ಅವನ ಕೈ ಹಿಡಿದು 'ಇಲ್ಲಿ ಮುಟ್ಟು, ಇದು ಅಪಧಮನಿ' ಅಂತ ತೋರಿಸಬಹುದಿತ್ತು. ಟಿವಿ ಬಂದ ಮೇಲೆ ಥಿಯೇಟರಿನಲ್ಲಿದ್ದ ಎಲ್ಲರಿಗೂ, ಮೌಶಿಗೂ (ಆಯಾ) ವಾರ್ಡ್‌ಬಾಯ್‌ಗೂ ಕೂಡ, ಸರ್ಜನ್‌ಗೆ ಕಾಣುವಷ್ಟೇ ಕಾಣತೊಡಗಿತು. ಆಪರೇಷನ್‌ಗಳು ವಿಎಚ್‌ಎಸ್ ಕ್ಯಾಸೆಟ್‌ಗೆ ಇಳಿದವು, ಕೈಯಿಂದ ಕೈಗೆ ಹೋದವು, ಈಗ ಯೂಟ್ಯೂಬ್‌ನಲ್ಲಿವೆ. ಆದರೆ ಕೈ ಹಿಡಿದು ಕಲಿಸುವುದು ನಿಂತಿತು. ಒಂದು ತೂತಿನಲ್ಲಿ ಒಂದೇ ಹತಾರ, ಅದನ್ನು ಹಿಡಿಯುವುದು ಒಂದೇ ಕೈ. ಜೂನಿಯರ್ ತಿಂಗಳುಗಟ್ಟಲೆ ಕ್ಯಾಮೆರಾ ಹಿಡಿದು ನಿಂತ.

ಹುಡುಗರು ತಾವೇ ದಾರಿ ಮಾಡಿಕೊಂಡರು. ಪೆಟ್ಟಿಗೆಗೆ ತೂತು ಕೊರೆದು, ಒಳಗೆ ಬಲ್ಬು ಮತ್ತು ಕ್ಯಾಮೆರಾ ಇಟ್ಟು, ಹಳೆಯ ಹತಾರಗಳಿಂದ ಮಣಿ ಎತ್ತುವುದು, ದ್ರಾಕ್ಷಿ ಸಿಪ್ಪೆ ಸುಲಿಯುವುದು, ಕೋಳಿ ಕಾಲಿನ ಚರ್ಮ ಬಿಡಿಸುವುದು. ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಹೀಗೆ ಅಭ್ಯಾಸ ಮಾಡಿದವರನ್ನು ನಾನು ಬಲ್ಲೆ. ಅಂಗಡಿಯಲ್ಲಿ ಮೊಂಡಾದ ಹತಾರ ಇದ್ದರೆ ಕೊಡಿ ಅಂತ ಬರುತ್ತಿದ್ದರು. ಕಾಲೇಜುಗಳು ಮಾಡಬೇಕಿದ್ದ ಕೆಲಸ ಅದು.

ಇನ್ನೊಂದು ಸಂಗತಿ ಕೇಳಲು ಅಷ್ಟು ಚೆನ್ನಾಗಿಲ್ಲ. ಒಮ್ಮೆ ಬಳಸಿ ಬಿಸಾಡಬೇಕಾದ ಹತಾರಗಳು ದುಬಾರಿ. ಹಾಗಾಗಿ ಅವನ್ನು ಸೈಡೆಕ್ಸ್ ಅನ್ನುವ ಕ್ರಿಮಿನಾಶಕ ದ್ರವದಲ್ಲಿ ಅದ್ದಿ ಮತ್ತೆ ಮತ್ತೆ ಬಳಸುವುದು ರೂಢಿಯಾಯಿತು. ಸರಿಯಾಗಿ ಬಿಚ್ಚಿ ತೊಳೆಯದಿದ್ದರೆ, ಸಾಕಷ್ಟು ಹೊತ್ತು ಅದ್ದದಿದ್ದರೆ, ಒಂದು ಜಾತಿಯ ಬ್ಯಾಕ್ಟೀರಿಯಾ ಉಳಿದುಬಿಡುತ್ತದೆ. ಟಿಬಿಯ ದಾಯಾದಿ ಅದು. ಆಪರೇಷನ್ ಆಗಿ ವಾರಗಟ್ಟಲೆ ಕಳೆದ ಮೇಲೆ ಒಣಗಿದ ತೂತು ಮತ್ತೆ ಕೀವು ಸುರಿಸುತ್ತದೆ, ತಿಂಗಳುಗಟ್ಟಲೆ ಮಾತ್ರೆ. ಹತಾರ ತೊಳೆಯುವುದನ್ನು ಯಾರಿಗೆ ಯಾರು ಕಲಿಸಬೇಕು ಅನ್ನುವುದು ಯಾವ ಸಿಲೆಬಸ್‌ನಲ್ಲೂ ಇರಲಿಲ್ಲ. ಥಿಯೇಟರಿನ ಹುಡುಗ ಹಿಂದಿನ ಹುಡುಗನಿಂದ ಕಲಿತ, ಅಷ್ಟೇ.

ಈಗ ತಿರುಗುಮುರುಗು ಆಗಿದೆ. ಹೊಸ ಸರ್ಜನ್‌ಗಳು ದುರ್ಬೀನಿನಲ್ಲಿ ಚುರುಕು, ಹೊಟ್ಟೆ ತೆರೆದು ಪಿತ್ತಕೋಶ ತೆಗೆದ ಅನುಭವ ಕಡಿಮೆ. ಕಷ್ಟದ ಕೇಸ್‌ನಲ್ಲಿ ಮಧ್ಯದಲ್ಲೇ ಹೊಟ್ಟೆ ತೆರೆಯಬೇಕಾಗಿ ಬಂದರೆ ಹಳಬರನ್ನು ಕರೆಯಬೇಕು, ಹಳಬರು ರಿಟೈರ್ ಆಗುತ್ತಿದ್ದಾರೆ.

ದುರ್ಬೀನು ಹಬ್ಬುತ್ತಿದ್ದ ಹೊತ್ತಿಗೆ ಹೊರಗೂ ಗಾಳಿ ಬದಲಾಗಿತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರ ಸೇವೆಯನ್ನು ಗ್ರಾಹಕ ಕಾನೂನಿನ ಒಳಗೆ ತಂದಿತು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಏನು ಮಾಡುತ್ತೀರಿ ಅಂತ ತಿಳಿಸಿ ಒಪ್ಪಿಗೆ ಪಡೆಯಬೇಕು, ಒಂದಕ್ಕೆ ಪಡೆದ ಒಪ್ಪಿಗೆಯಲ್ಲಿ ಇನ್ನೊಂದನ್ನು ಮಾಡುವಂತಿಲ್ಲ ಅಂತ ಹೇಳಿತು. ಡಾಕ್ಟರುಗಳು ಟೆಸ್ಟ್ ಜಾಸ್ತಿ ಬರೆಯಲು ಕೇಸಿನ ಭಯವೂ ಒಂದು ಕಾರಣ. ಕೈಯಿಂದ ಮುಟ್ಟಿ ನೋಡಿದ್ದಕ್ಕೆ ಕಾಗದದಲ್ಲಿ ಪುರಾವೆ ಇರುವುದಿಲ್ಲ, ಸೋನೋಗ್ರಫಿಗೆ ಇರುತ್ತದೆ.

ಪಠ್ಯಕ್ರಮ? 1997ರ ನಿಯಮವೇ 2019ರ ತನಕ ನಡೆಯಿತು. ಅಷ್ಟರಲ್ಲಿ ಮೊಬೈಲ್ ಬಂದು, ಇಂಟರ್ನೆಟ್ ಬಂದು, ಇಡೀ ಸರ್ಜರಿಯೇ ಬದಲಾಗಿತ್ತು. 2019ರ ಬ್ಯಾಚ್‌ನಿಂದ ಹೊಸ ಪದ್ಧತಿ. ಏನು ಓದಿದ್ದೀಯ ಅನ್ನುವುದಕ್ಕಿಂತ ಏನು ಮಾಡಬಲ್ಲೆ ಅನ್ನುವುದಕ್ಕೆ ಅಂಕ. ಮೊದಲ ವರ್ಷದಿಂದಲೇ ರೋಗಿಗಳ ಭೇಟಿ, ಬೊಂಬೆಗಳಿರುವ ಸ್ಕಿಲ್ ಲ್ಯಾಬ್, ಲಾಗ್‌ಬುಕ್, ರೋಗಿಯ ಜೊತೆ ಹೇಗೆ ಮಾತಾಡಬೇಕು ಅನ್ನುವುದಕ್ಕೂ ಪಾಠ. 2020ರಲ್ಲಿ ಮೆಡಿಕಲ್ ಕೌನ್ಸಿಲ್ ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ನನಗೆ ಕೇಳಿದರೆ ಬೊಂಬೆಯನ್ನು ಹೀಯಾಳಿಸುವವರು ತಪ್ಪು ಮಾಡುತ್ತಿದ್ದಾರೆ. ಹುಡುಗ ಹತ್ತು ಸಲ ತಪ್ಪು ಚುಚ್ಚುವುದಾದರೆ ರಬ್ಬರಿಗೆ ಚುಚ್ಚಲಿ. ಬೊಂಬೆ 30 ವರ್ಷ ಮೊದಲು ಬರಬೇಕಿತ್ತು. ಎಷ್ಟು ಕಾಲೇಜಿನಲ್ಲಿ ಆ ಲ್ಯಾಬಿನ ಬೀಗ ಇನ್‌ಸ್ಪೆಕ್ಷನ್ ದಿನ ಬಿಟ್ಟು ಬೇರೆ ದಿನವೂ ತೆರೆಯುತ್ತದೆ ಅನ್ನುವುದು ಬೇರೆ ಮಾತು.

ಆದರೆ ಆ ಮೊದಲ ಬ್ಯಾಚ್ ಸೇರಿ ವರ್ಷ ತುಂಬುವ ಮೊದಲೇ ಕೋವಿಡ್. 2020ರ ಮಾರ್ಚ್ 25ರಂದು, ಲಾಕ್‌ಡೌನ್‌ನ ಮೊದಲ ದಿನವೇ, ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿತ್ತು. ಅಲ್ಲಿಯವರೆಗೆ ಫೋನ್‌ನಲ್ಲಿ ಔಷಧಿ ಹೇಳುವುದು ಸರಿಯೋ ತಪ್ಪೋ ಯಾರಿಗೂ ಖಚಿತವಿರಲಿಲ್ಲ. ಮುಂಬೈಯಲ್ಲಿ ಮೂಳೆ, ಚರ್ಮ, ಕಣ್ಣು ಅಂತ ಓದುತ್ತಿದ್ದ ರೆಸಿಡೆಂಟ್‌ಗಳೆಲ್ಲ ಕೋವಿಡ್ ವಾರ್ಡ್ ಸೇರಿದರು. ಕಲಿಯಬೇಕಿದ್ದ ಆಪರೇಷನ್‌ಗಳು ತಪ್ಪಿಹೋದವು. ನೆಕ್ಸ್ಟ್ ಪರೀಕ್ಷೆಯನ್ನು 2019ರ ಬ್ಯಾಚ್‌ನಿಂದಲೇ ತರುವುದಾಗಿ ಹೇಳಿ, 2023ರ ಜುಲೈನಲ್ಲಿ ಮುಂದೂಡಿದರು. ಹೊಸ ಪದ್ಧತಿಯ ಮೊದಲ ಮಕ್ಕಳು ಅದಿಲ್ಲದೆಯೇ ಹೊರಬಂದರು.

ಎಐ ವಿಷಯಕ್ಕೆ ಬರೋಣ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು, 15 ವರ್ಷ ದಾಟಿದವರ ಟಿಬಿ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ಓದಲು ಮನುಷ್ಯರ ಬದಲು ಸಾಫ್ಟ್‌ವೇರ್ ಬಳಸಬಹುದು ಅಂತ. ಅಂಥ ಸಾಫ್ಟ್‌ವೇರ್ ಮಾಡುವ ಕ್ಯೂರ್ ಡಾಟ್ ಎಐ ಮುಂಬೈಯದೇ ಕಂಪನಿ, 2016ರಲ್ಲಿ ಶುರುವಾದದ್ದು. ಟಿಬಿ ಇಷ್ಟಿರುವ, ರೇಡಿಯಾಲಜಿಸ್ಟ್ ಕಡಿಮೆ ಇರುವ ದೇಶದಲ್ಲಿ ಇದು ನಿಜಕ್ಕೂ ಉಪಕಾರ. ಆದರೆ 2025ರಲ್ಲಿ ಪೋಲೆಂಡ್‌ನಿಂದ ಒಂದು ಅಧ್ಯಯನ ಬಂತು. ಕರುಳಿನ ಒಳಗೆ ಕ್ಯಾಮೆರಾ ಇಳಿಸಿ ಗಡ್ಡೆ ಹುಡುಕುವ ನುರಿತ ವೈದ್ಯರಿಗೆ ಎಐ ಸಹಾಯ ಕೊಟ್ಟರು. ಅದು ರೂಢಿಯಾದ ಮೇಲೆ, ಎಐ ಇಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಗಡ್ಡೆ ಸಿಗುವ ಪ್ರಮಾಣ ಶೇ. 28.4ರಿಂದ 22.4ಕ್ಕೆ ಇಳಿದಿತ್ತು. ಕಾರಣ ಅದೊಂದೇ ಅಂತ ಈಗಲೇ ಹೇಳಲಾಗದು. ಆದರೂ ಅವರು ಕಲಿತು ಮುಗಿದಿದ್ದ ವೈದ್ಯರು. ಮೊದಲ ದಿನದಿಂದಲೇ ಸಾಫ್ಟ್‌ವೇರ್ ಬಾಣ ತೋರಿಸುತ್ತಿದ್ದರೆ, ಇನ್ನೂ ಎಕ್ಸ್‌ರೇ ಓದಲು ಕಲಿಯಬೇಕಾದ ರೆಸಿಡೆಂಟ್‌ನ ಕಣ್ಣು ಪಳಗುವುದು ಯಾವಾಗ?

ರೋಬೋಟ್‌ನಲ್ಲಿ ಮಾತ್ರ ಒಂದು ಹಳೆಯ ನಷ್ಟ ತುಂಬಿಕೊಳ್ಳುವ ದಾರಿ ಇದೆ. ಕೆಲವು ಮಾದರಿಗಳಲ್ಲಿ ಎರಡು ಕನ್ಸೋಲ್, ಅಂದರೆ ಸರ್ಜನ್ ಕೂತು ರೋಬೋಟ್ ನಡೆಸುವ ಜಾಗ, ಇರುತ್ತವೆ, ಒಂದರಲ್ಲಿ ಗುರು, ಇನ್ನೊಂದರಲ್ಲಿ ಶಿಷ್ಯ. ಶಿಷ್ಯ ಎಡವಿದರೆ ಗುರು ಆ ಕ್ಷಣವೇ ನಿಯಂತ್ರಣ ತನ್ನ ಕಡೆ ಎಳೆದುಕೊಳ್ಳಬಹುದು. ರೋಗಿಯ ಹತ್ತಿರ ಬರುವ ಮೊದಲು ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಬಹುದು, ಎಷ್ಟು ಸಲ ತಪ್ಪಿತು ಅಂತ ಮಷಿನ್ನೇ ಬರೆದಿಡುತ್ತದೆ. ಬೆಲೆ ಕೋಟಿಗಳಲ್ಲಿ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್‌ಗೆ 2014ರಲ್ಲೇ ಬಂತು, ಉಳಿದಂತೆ ಬಹುಪಾಲು ಪ್ರೈವೇಟ್ ಆಸ್ಪತ್ರೆಗಳಲ್ಲಿದೆ. ರೆಸಿಡೆಂಟ್‌ಗಳು ಜಾಸ್ತಿ ಇರುವುದು ಪಾಲಿಕೆ ಆಸ್ಪತ್ರೆಗಳಲ್ಲಿ. ಆಪರೇಷನ್‌ಗೆ ಹೊರಟವರು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದಿಷ್ಟು: ಯಾವ ಮಷಿನ್ ಅಂತ ಕೇಳಬೇಡಿ, ಇದನ್ನು ಮಾಡುವವರು ಯಾರು, ಇಲ್ಲಿಯವರೆಗೆ ಎಷ್ಟು ಮಾಡಿದ್ದಾರೆ, ಹಿಂದೆ ಯಾರು ನಿಂತಿರುತ್ತಾರೆ ಅಂತ ಕೇಳಿ. ಒಪ್ಪಿಗೆ ಫಾರ್ಮಿನಲ್ಲಿ ಆ ಕಾಲಂ ಇಲ್ಲ, ಬಾಯಿಬಿಟ್ಟೇ ಕೇಳಬೇಕು.