ಹಕ್ಕು ಕಾಯುವ ಸಂಸ್ಥೆಯಲ್ಲಿ ಎಂಜಿನಿಯರಿಗೆ ಏನು ಕೆಲಸ?

ಪ್ರಶ್ನೆ: ಸುರತ್ಕಲ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಇಂಟರ್ನೆಟ್‌ನಲ್ಲಿ ಜನರ ಹಕ್ಕಿಗಾಗಿ ದುಡಿಯುವ ಸಂಸ್ಥೆ ಸೇರುವ ಆಸೆ. ಆದರೆ ಅದು ವಕೀಲರ ಕೆಲಸ ಅಲ್ವಾ?

ಉತ್ತರ: ವಕೀಲರು ಬೇಕೇ ಬೇಕು. ಆದರೆ ಸರಕಾರವೋ ಕಂಪನಿಯೋ "ಇದು ಸುರಕ್ಷಿತ" ಎಂದಾಗ, ಅಲ್ಲ ಎಂದು ಮಾಡಿ ತೋರಿಸಲು ಎಂಜಿನಿಯರೇ ಬೇಕು.

ಇಂಥದ್ದೇ ಸಂಸ್ಥೆಯಾದ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಶುರುವಾಗಿದ್ದು 1990ರಲ್ಲಿ. ಮಾಹಿತಿ ಗುಟ್ಟಾಗಿಡಲು ಡಿಇಎಸ್ ಪದ್ಧತಿ ಸಾಕು ಎಂದು ಅಲ್ಲಿನ ಸರಕಾರ ಹೇಳುತ್ತಿತ್ತು. ಈ ಸಂಸ್ಥೆ ಸುಮ್ನೆ ವಾದಿಸುತ್ತಾ ಕೂರಲಿಲ್ಲ. ಎರಡೂವರೆ ಲಕ್ಷ ಡಾಲರ್‌ಗಿಂತ ಕಡಿಮೆ ಖರ್ಚಿನಲ್ಲಿ ಅದನ್ನು ಒಡೆಯುವ ಯಂತ್ರವನ್ನೇ ಕಟ್ಟಿಸಿತು. 1998ರ ಜುಲೈನಲ್ಲಿ ಆ ಯಂತ್ರ 56 ಗಂಟೆಗಳಲ್ಲಿ ಗುಟ್ಟು ಬಿಡಿಸುವ ಕೀಲಿ ಹುಡುಕಿಬಿಟ್ಟಿತು. ಆಮೇಲೆ ಡಿಇಎಸ್ ಗಟ್ಟಿ ಎಂದು ಹೇಳುವುದೇ ಕಷ್ಟವಾಯಿತು.

ಅದೇ ಸಂಸ್ಥೆಯಲ್ಲಿದ್ದ ಪೀಟರ್ ಎಕರ್ಸ್‌ಲಿ ನನಗೆ ಇನ್ನೂ ದೊಡ್ಡ ಮಾದರಿ. ಮಂಗಳೂರಿನ ಹಂಪನಕಟ್ಟೆಯ ಯಾವುದೋ ಕೆಫೆಯ ವೈಫೈನಲ್ಲಿ ಕೂತು ನೀವು ಬೀಗದ ಗುರುತಿಲ್ಲದ ವೆಬ್‌ಸೈಟ್ ತೆರೆದರೆ, ಓದಿದ್ದು, ಬರೆದದ್ದು ಎಲ್ಲವನ್ನೂ ನಡುವೆ ಇರುವವರು ನೋಡಬಹುದು. ಇದನ್ನು ತಡೆಯಲು ವೆಬ್‌ಸೈಟಿನವರು ಹಾಕಿಕೊಳ್ಳುವ ಡಿಜಿಟಲ್ ಸರ್ಟಿಫಿಕೇಟ್‌ಗೆ ಹಿಂದೆ ಸಾಮಾನ್ಯವಾಗಿ ದುಡ್ಡು ಕೊಡಬೇಕಿತ್ತು, ಹಾಕಿಕೊಳ್ಳುವುದೂ ತಲೆನೋವು. ಹಾಗಾಗಿ ಸಣ್ಣವರು ಬಿಟ್ಟುಬಿಡುತ್ತಿದ್ದರು. ಎಕರ್ಸ್‌ಲಿ, ಮೊಜಿಲ್ಲಾದವರು ಮತ್ತು ಮಿಷಿಗನ್ ವಿಶ್ವವಿದ್ಯಾಲಯದವರು ಸೇರಿ ಕಟ್ಟಿದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸರ್ಟಿಫಿಕೇಟ್ ಸೇವೆ 2015ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆಯಿತು. ಪುಕ್ಕಟೆ, ತಾನಾಗಿಯೇ ನವೀಕರಣ. ಇವತ್ತು ಕೋಟ್ಯಂತರ ವೆಬ್‌ಸೈಟ್‌ಗಳು ಅದನ್ನೇ ಬಳಸುತ್ತವೆ. ಎಕರ್ಸ್‌ಲಿ 2022ರಲ್ಲಿ ತೀರಿಕೊಂಡರು. ಯಾವ ಕೋರ್ಟ್ ಆದೇಶವೂ ಇಷ್ಟು ಜನರಿಗೆ ಇಷ್ಟು ಬೇಗ ರಕ್ಷಣೆ ಕೊಟ್ಟಿರಲಾರದು ಎಂದೇ ನನ್ನ ನಂಬಿಕೆ.

ನಮ್ಮೂರಲ್ಲೂ ಈ ಕೆಲಸಕ್ಕೆ ಕಾರಣಗಳಿವೆ. 2019ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ದು ನೆನಪಿರಬೇಕು. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಮರುತಿಂಗಳೇ, ಕಾಶ್ಮೀರದಲ್ಲಿ ಇಂಟರ್ನೆಟ್ ನಿಲ್ಲಿಸಿದ ಪ್ರಕರಣದಲ್ಲಿ ಹೇಳಿತು. ಆದರೆ ಯಾವ ನೆಟ್‌ವರ್ಕ್‌ನಲ್ಲಿ ಏನು ನಿಂತಿದೆ ಎಂದು ಅಳೆದು ದಾಖಲಿಸುವವರು ಯಾರು? ಅದಕ್ಕೆ ಊನಿ (OONI) ಎಂಬ ಮುಕ್ತ ತಂತ್ರಾಂಶವಿದೆ. ಬಳಸುವ ಮೊದಲು ಅದರ ಅಪಾಯಗಳ ಪುಟ ಓದಿ.

ಸಂಬಳ? ದೊಡ್ಡ ಐಟಿ ಕಂಪನಿಯಷ್ಟು ನಿರೀಕ್ಷಿಸಬೇಡಿ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆಂಡ್ ಸೊಸೈಟಿ, ದೆಹಲಿಯ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಪ್ರಕಟಿಸುವ ವರದಿಗಳನ್ನು ಈಗಿನಿಂದಲೇ ಓದಿ. ಜೊತೆಗೆ ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪನ್ನೂ. ಆ ಅರ್ಜಿ ಹಾಕಿದ್ದ ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ನೆಟ್‌ವರ್ಕಿಂಗ್ ಪಾಠ ಮಾತ್ರ ಪರೀಕ್ಷೆಗಷ್ಟೇ ಓದಬೇಡಿ, ಈ ಕೆಲಸದಲ್ಲಿ ಅದೇ ಜಾಸ್ತಿ ಬೇಕಾಗುವುದು.