ಹೆವಿವೇಟ್ ಮರುಪಂದ್ಯ: ಯಾರು ಗೆಲ್ಲುತ್ತಾರೆ ಅನ್ನುವ ಮೊದಲು ಏನೇನು ನೋಡಬೇಕು

ಬಾಕ್ಸಿಂಗ್‌ನ ಹೆವಿವೇಟ್ ವಿಭಾಗದಲ್ಲಿ, ಅಂದರೆ ಅತಿ ಭಾರದವರ ವಿಭಾಗದಲ್ಲಿ, ಮರುಪಂದ್ಯ ಘೋಷಣೆಯಾದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: "ಹಿಂದಿನ ಸಲ ಗೆದ್ದವನು ಯಾರು?" ಗೆದ್ದವನ ಹೆಸರು ತಿಳಿದ ಮೇಲೆ ಅರ್ಧ ಜನ ಅವನ ಕಡೆ, ಉಳಿದರ್ಧ ಜನ "ಈ ಸಲ ಸೇಡು ತೀರಿಸಿಕೊಳ್ತಾನೆ ನೋಡಿ" ಅನ್ನುವ ಕಡೆ. ಎರಡೂ ಊಹೆಯೇ. ಹಿಂದಿನ ಸಲ ಅವನು ಹೇಗೆ ಗೆದ್ದ? ಆ ಗೆಲುವಿನ ಕಾರಣ ಈಗಲೂ ಇದೆಯಾ? ಸೋತವನಿಗೆ ಅದನ್ನು ಸರಿಪಡಿಸಿಕೊಳ್ಳಲು ಆಗುತ್ತದಾ? ಈ ಟಿಪ್ಪಣಿ ಪೂರ್ತಿ ಈ ಪ್ರಶ್ನೆಗಳ ಸುತ್ತಲೇ ಇದೆ.

ದಾವಣಗೆರೆಯಲ್ಲಿ ಬೆಳೆದವರಿಗೆ ಇದರಲ್ಲಿ ಒಂದು ಅನುಕೂಲ ಇದೆ ಅಂತ ನನಗೆ ಅನ್ನಿಸುತ್ತದೆ. ದುರ್ಗಾಂಬಿಕಾ ದೇವಿ ಜಾತ್ರೆಯಲ್ಲಿ ಕುಸ್ತಿ ನೋಡಿದವರು, ಗರಡಿ ಮನೆ ಕಡೆ ಓಡಾಡಿದವರು ಪೈಲ್ವಾನನ ಮುಖ ನೋಡುತ್ತಾ ಕೂರುವುದಿಲ್ಲ. ಕಣ್ಣು ತಾನಾಗೇ ಸೊಂಟಕ್ಕೆ, ಕಾಲಿಗೆ ಹೋಗುತ್ತದೆ. ಬಾಕ್ಸಿಂಗ್ ನೋಡುವಾಗಲೂ ಆ ಅಭ್ಯಾಸ ಬಿಡಬೇಡಿ. ಹೊಸಬರು ಬರೀ ಕೈ ನೋಡುತ್ತಾರೆ. ಪಾದ ಎಲ್ಲಿದೆ ಅನ್ನುವುದರ ಮೇಲೆ ಪಂಚ್‌ನ ಜೋರು ನಿಂತಿರುತ್ತದೆ. ಸುಸ್ತು ಕೂಡ ಮೊದಲು ಕಾಣುವುದು ಕಾಲಿನಲ್ಲೇ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಕುಸ್ತಿಯಲ್ಲಿ ಚಿತ್ ಆದರೆ ಮುಗಿಯಿತು. ಬಾಕ್ಸಿಂಗ್‌ನಲ್ಲಿ ನೆಲಕ್ಕೆ ಬಿದ್ದವನು ಹತ್ತು ಎಣಿಸುವುದರೊಳಗೆ ಎದ್ದರೆ ಆಟ ಮುಂದುವರಿಯುತ್ತದೆ, ಬಿದ್ದದ್ದು ಅಂಕದಲ್ಲಿ ಉಳಿಯುತ್ತದೆ. ಹಾಗಾಗಿ ಮೊದಲು ಅಂಕದ ಲೆಕ್ಕ ಕಲಿಯೋಣ.

ಫಲಿತಾಂಶ ಬಿಡಿ, ಸ್ಕೋರ್‌ಕಾರ್ಡ್ ಬಿಚ್ಚಿ ನೋಡಿ

ಈಗ ಚಾಂಪಿಯನ್‌ಷಿಪ್ ಪಂದ್ಯ ಅಂದರೆ ತಲಾ 3 ನಿಮಿಷದ 12 ರೌಂಡ್ (ಹಿಂದೆ 15 ಇರುತ್ತಿತ್ತು). ಮೂವರು ಜಡ್ಜ್‌ಗಳು. ಪ್ರತಿ ರೌಂಡ್‌ನಲ್ಲಿ ಮೇಲುಗೈ ಸಾಧಿಸಿದವನಿಗೆ 10, ಇನ್ನೊಬ್ಬನಿಗೆ 9. ಆ ರೌಂಡ್‌ನಲ್ಲಿ ಅವನು ಬಿದ್ದಿದ್ದರೆ ಸಾಮಾನ್ಯವಾಗಿ 8.

ಈಗ 2024ರ ಮೇ 18ರಂದು ರಿಯಾದ್‌ನಲ್ಲಿ ನಡೆದ ಒಲೆಕ್ಸಾಂಡರ್ ಉಸಿಕ್ ಮತ್ತು ಟೈಸನ್ ಫ್ಯೂರಿ ಪಂದ್ಯ ತೆಗೆದುಕೊಳ್ಳಿ. ಇಬ್ಬರು ಜಡ್ಜ್‌ಗಳು ಉಸಿಕ್‌ಗೆ 115-112, 114-113 ಕೊಟ್ಟರು. ಮೂರನೆಯವರು ಫ್ಯೂರಿಗೆ 114-113 ಕೊಟ್ಟರು. ಒಂಬತ್ತನೇ ರೌಂಡ್‌ನಲ್ಲಿ ಫ್ಯೂರಿ ತತ್ತರಿಸಿ ಹಗ್ಗಕ್ಕೆ ಒರಗಿದ. ರೆಫರಿ ಅದನ್ನು ನಾಕ್‌ಡೌನ್, ಅಂದರೆ ನೆಲಕ್ಕೆ ಬಿದ್ದಂತೆಯೇ, ಎಂದು ಎಣಿಸಿದರು. ಆ ಒಂದು ಅಂಕವನ್ನು ಫ್ಯೂರಿಗೆ ವಾಪಸ್ ಕೊಟ್ಟು ನೋಡಿ. ಕಾರ್ಡ್‌ಗಳು 115-113 ಉಸಿಕ್, 114-114, 115-113 ಫ್ಯೂರಿ ಆಗುತ್ತವೆ. ಅಂದರೆ ಡ್ರಾ! ಇಡೀ ಜಗತ್ತಿನ ನಾಲ್ಕೂ ಬೆಲ್ಟ್‌ಗಳು (ಚಾಂಪಿಯನ್ ಪಟ್ಟಗಳು) ಒಂದೇ ಒಂದು ಅಂಕದ ಮೇಲೆ ತೂಗಾಡುತ್ತಿದ್ದವು.

ಇಷ್ಟಕ್ಕೇ ನಿಂತರೆ ಮರುಪಂದ್ಯ ಫಿಫ್ಟಿ-ಫಿಫ್ಟಿ ಅಂತ ಬರೆದುಬಿಡುತ್ತೇವೆ. ಆದರೆ ರೌಂಡ್‌ಗಳ ಸಾಲು ನೋಡಿ. ನಡುವಿನ ರೌಂಡ್‌ಗಳಲ್ಲಿ ಫ್ಯೂರಿ ಅಪ್ಪರ್‌ಕಟ್‌ಗಳಿಂದ (ಕೆಳಗಿನಿಂದ ಮೇಲಕ್ಕೆ ಬರುವ ಪಂಚ್) ಉಸಿಕ್‌ನನ್ನು ಚೆನ್ನಾಗಿಯೇ ಕಾಡಿದ. ಎಂಟನೇ ರೌಂಡ್‌ನಿಂದ ಗಾಳಿ ತಿರುಗಿತು. ಫ್ಯೂರಿ ಅಂಕ ಗಳಿಸಿದ್ದು ಉಸಿಕ್ ದೂರ ಸರಿಯದೆ ಎದುರಿಗೇ ನಿಂತಾಗ. ಉಸಿಕ್ ಅಂಕ ಗಳಿಸಿದ್ದು ಕಾಲಿನಿಂದ: ಎಡಗೈ ಬಾಕ್ಸರ್ ಆದ ಅವನು ತನ್ನ ಮುಂದಿನ ಪಾದವನ್ನು ಎದುರಾಳಿಯ ಮುಂಪಾದದ ಹೊರಗಡೆ ಇಟ್ಟು, ಹೊಟ್ಟೆಗೆ ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಪಂಚ್) ಕೊಡುತ್ತಾ, ಕೊನೆಯವರೆಗೂ ಅದೇ ವೇಗ ಉಳಿಸಿಕೊಂಡ. ಮರುಪಂದ್ಯಕ್ಕೂ ಅವನ ಜೊತೆ ಬರುವುದು ಈ ಕಾಲು. 2024ರ ಡಿಸೆಂಬರ್ 21ರಂದು ಮೂವರು ಜಡ್ಜ್‌ಗಳೂ 116-112 ಎಂದು ಉಸಿಕ್ ಪರ ಕೊಟ್ಟರು. ಎಂಟು ರೌಂಡ್ ಅವನದು, ನಾಲ್ಕು ಫ್ಯೂರಿಯದು. ಮೊದಲ ಪಂದ್ಯದಲ್ಲಿ ಕೂದಲೆಳೆಯ ಅಂತರ, ಎರಡನೆಯದರಲ್ಲಿ ಸ್ಪಷ್ಟ ಗೆಲುವು. ಒಟ್ಟು ಅಂಕ ಮುಚ್ಚಿಟ್ಟದ್ದನ್ನು ರೌಂಡ್‌ಗಳ ಸಾಲು ಮೊದಲೇ ತೋರಿಸಿತ್ತು.

ಸೋಲಿನ ಕಾರಣ ಎಂಥದ್ದು?

ಸರಿಪಡಿಸಬಹುದಾದ ಕಾರಣಕ್ಕೆ ಹಳೆಯ ಉದಾಹರಣೆಯೇ ಅತ್ಯುತ್ತಮ. 1936ರ ಜೂನ್ 19, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ. ಅಲ್ಲಿಯವರೆಗೆ ಸೋಲೇ ಕಾಣದ ಜೋ ಲೂಯಿಸ್ ಎದುರು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್. ಲೂಯಿಸ್‌ನ ಪಂದ್ಯಗಳ ಫಿಲ್ಮ್ ಹಾಕಿಕೊಂಡು ಕೂತ ಶ್ಮೆಲಿಂಗ್ ಒಂದು ಸಣ್ಣ ವಿಷಯ ಗಮನಿಸಿದ. ಲೂಯಿಸ್ ಎಡಗೈ ಜ್ಯಾಬ್ ಎಸೆದ ಮೇಲೆ ಕೈಯನ್ನು ನೇರವಾಗಿ ಗಲ್ಲದ ಹತ್ತಿರ ತರುತ್ತಿರಲಿಲ್ಲ. ಕೈ ಸ್ವಲ್ಪ ಕೆಳಗಿಳಿದು, ಆಮೇಲೆ ಮೇಲೆ ಬರುತ್ತಿತ್ತು. ಆ ಅರೆಕ್ಷಣ ಎಡ ಕೆನ್ನೆ ಪೂರ್ತಿ ತೆರೆದಿರುತ್ತಿತ್ತು. ಶ್ಮೆಲಿಂಗ್ ಕಾದು ಕಾದು ಅಲ್ಲಿಗೇ ಬಲಗೈ ಬೀಸಿದ. ನಾಲ್ಕನೇ ರೌಂಡ್‌ನಲ್ಲಿ ಲೂಯಿಸ್ ಬಿದ್ದ, ಹನ್ನೆರಡನೆಯದರಲ್ಲಿ ನಾಕ್‌ಔಟ್ ಆದ, ಅಂದರೆ ಹತ್ತು ಎಣಿಸುವುದರೊಳಗೆ ಏಳಲಾಗಲಿಲ್ಲ.

ಈಗ ನಿಮ್ಮನ್ನು 1938ಕ್ಕೆ ಕರೆದೊಯ್ದು ಮರುಪಂದ್ಯ ಯಾರದು ಅಂತ ಕೇಳಿದರೆ? ಲೂಯಿಸ್ ಸೋತದ್ದು ಶಕ್ತಿ ಕಡಿಮೆ ಇದ್ದದ್ದಕ್ಕಲ್ಲ, ಒಂದು ದುರಭ್ಯಾಸಕ್ಕೆ. ವಯಸ್ಸು 24, ಇನ್ನೂ ಬೆಳೆಯುತ್ತಿರುವ ಆಟಗಾರ. ಶ್ಮೆಲಿಂಗ್ ಮೂವತ್ತು ದಾಟಿದವನು, ಅವನ ಇಡೀ ಯೋಜನೆ ನಿಂತಿದ್ದು ಕಾಯುವುದರ ಮೇಲೆ. ಲೂಯಿಸ್ ಮೊದಲ ಗಂಟೆ ಬಾರಿಸಿದ ಕೂಡಲೇ ನುಗ್ಗಿದ. ನೋಡಿ, ಅಳೆದು, ಬಲಗೈ ಎತ್ತಲು ಶ್ಮೆಲಿಂಗ್‌ಗೆ ಪುರುಸೊತ್ತೇ ಕೊಡಲಿಲ್ಲ. 124 ಸೆಕೆಂಡ್‌ಗೆ ಪಂದ್ಯ ಮುಗಿಯಿತು.

ಸರಿಪಡಿಸಲಾಗದ ಕಾರಣಕ್ಕೆ ಫ್ಲಾಯ್ಡ್ ಪ್ಯಾಟರ್ಸನ್ ಉದಾಹರಣೆ ಸಾಕು. 1962ರಲ್ಲಿ ಸನ್ನಿ ಲಿಸ್ಟನ್ ಅವನನ್ನು ಮೊದಲ ರೌಂಡ್‌ನ 2 ನಿಮಿಷ 6 ಸೆಕೆಂಡ್‌ಗೆ ಕೆಡವಿದ. 1963ರ ಮರುಪಂದ್ಯ 2 ನಿಮಿಷ 10 ಸೆಕೆಂಡ್ ನಡೆಯಿತು. ಲಿಸ್ಟನ್ ಅವನಿಗಿಂತ ದೊಡ್ಡ ಮೈಯವನು, ಕೈ ಇನ್ನೂ ಉದ್ದ. ಹತ್ತು ತಿಂಗಳ ತಯಾರಿಯಿಂದ ಕೈ ಉದ್ದ ಆಗುವುದಿಲ್ಲ ಅಲ್ವಾ? ಇದೇ ಪ್ಯಾಟರ್ಸನ್ ಅದಕ್ಕೂ ಮುಂಚೆ, 1959ರಲ್ಲಿ ಇಂಗೆಮಾರ್ ಜೋಹಾನ್ಸನ್ ಕೈಲಿ ಒಂದೇ ರೌಂಡ್‌ನಲ್ಲಿ ಏಳು ಸಲ ಬಿದ್ದು ಸೋತು, 1960ರಲ್ಲಿ ಐದನೇ ರೌಂಡ್‌ಗೆ ಅವನನ್ನು ನಾಕ್‌ಔಟ್ ಮಾಡಿದ್ದ. ಕಳೆದುಕೊಂಡ ಹೆವಿವೇಟ್ ಕಿರೀಟ ಮರಳಿ ಗೆದ್ದ ಮೊದಲಿಗ ಅವನೇ. ಆ ಸಲ ಅವನು ತಪ್ಪಿಸಿಕೊಳ್ಳಬೇಕಿದ್ದದ್ದು ಎದುರಾಳಿಯ ಬಲಗೈ ಒಂದರಿಂದ. ಅದನ್ನು ಕಲಿಯಬಹುದಿತ್ತು, ಕಲಿತ.

ಇನ್ನೊಂದು ಬಗೆ ಇದೆ: ಜಾಗ ಮತ್ತು ತಯಾರಿ. 2001ರ ಏಪ್ರಿಲ್‌ನಲ್ಲಿ ಲೆನಾಕ್ಸ್ ಲೂಯಿಸ್ ದಕ್ಷಿಣ ಆಫ್ರಿಕಾದಲ್ಲಿ ಹಸೀಮ್ ರಹಮಾನ್ ಎದುರು ಐದನೇ ರೌಂಡ್‌ನಲ್ಲಿ ಒಂದೇ ಬಲಗೈ ಪಂಚ್‌ಗೆ ಉರುಳಿದ. ಆ ಜಾಗ ಸಮುದ್ರ ಮಟ್ಟದಿಂದ ಒಂದೂವರೆ ಸಾವಿರ ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ನಮ್ಮ ದಾವಣಗೆರೆ ಸುಮಾರು 600 ಮೀಟರ್. ಕುಂದವಾಡ ಕೆರೆ ಏರಿ ಮೇಲೆ ಆರಾಮಾಗಿ ಓಡುವವನಿಗೂ ಅಷ್ಟು ಎತ್ತರದಲ್ಲಿ ಮೊದಮೊದಲು ಏದುಸಿರು ಬರುತ್ತದೆ. ಗಾಳಿಗೆ ಒಗ್ಗಿಕೊಳ್ಳಲು ದಿನ ಬೇಕು, ಲೆನಾಕ್ಸ್ ತಡವಾಗಿ ಹೋಗಿದ್ದ. ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ, ಏಳು ಪೌಂಡ್ ಇಳಿಸಿಕೊಂಡು ಬಂದವನು ನಾಲ್ಕನೇ ರೌಂಡ್‌ಗೆ ನಾಕ್‌ಔಟ್ ಗೆಲುವು ಪಡೆದ.

ತೂಕದ ದಿನ ಏನು ಓದಬೇಕು

ಹೆವಿವೇಟ್‌ಗೆ ಕೆಳಗಿನ ಮಿತಿ ಮಾತ್ರ ಇದೆ: 200 ಪೌಂಡ್, ಅಂದರೆ 90.7 ಕಿಲೋಗಿಂತ ಜಾಸ್ತಿ ಇರಬೇಕು. ಮೇಲೆ ಎಷ್ಟಾದರೂ ಆಗಲಿ. ಬೇರೆ ವಿಭಾಗಗಳಲ್ಲಿ ಎಲ್ಲರೂ ಒಂದೇ ಅಂಕಿಗೆ ಇಳಿದು ಬರುತ್ತಾರೆ. ಇಲ್ಲಿ ಬಾಕ್ಸರ್ ತನ್ನ ತೂಕವನ್ನು ತಾನೇ ಆರಿಸಿಕೊಳ್ಳುತ್ತಾನೆ. ಆದ್ದರಿಂದ ಪಂದ್ಯದ ಹಿಂದಿನ ದಿನದ ತೂಕ ಅವನ ತಲೆಯಲ್ಲಿರುವ ಯೋಜನೆಯ ಸುಳಿವು. ಕೆಲವೊಮ್ಮೆ ಅವನ ಶಿಸ್ತಿನದೂ ಹೌದು.

2019ರ ಜೂನ್ 1ರಂದು ಆ್ಯಂಡಿ ರೂಯಿಜ್ ಏಳನೇ ರೌಂಡ್‌ನಲ್ಲಿ ಆಂಥನಿ ಜೋಶುವಾನನ್ನು ಸೋಲಿಸಿದಾಗ ಜಗತ್ತೇ ಬೆಚ್ಚಿತು. ಮೂರನೇ ರೌಂಡ್‌ನಲ್ಲಿ ಮೊದಲು ಬಿದ್ದವನು ರೂಯಿಜ್. ಮುಗಿಸಿಬಿಡೋಣ ಎಂದು ಜೋಶುವಾ ಹತ್ತಿರಕ್ಕೆ ನುಗ್ಗಿದ, ಅಲ್ಲಿ ರೂಯಿಜ್‌ನ ಎಡ ಹುಕ್ (ಪಕ್ಕದಿಂದ ಬಾಗಿ ಬರುವ ಪಂಚ್) ಅವನ ಕಪಾಲಕ್ಕೆ ಬಿತ್ತು. ಅಲ್ಲಿಂದ ಅವನ ಕಾಲು ನೆಟ್ಟಗಾಗಲೇ ಇಲ್ಲ. ಡಿಸೆಂಬರ್ 7ರ ಮರುಪಂದ್ಯಕ್ಕೆ ರೂಯಿಜ್ 268ರಿಂದ 283.5 ಪೌಂಡ್‌ಗೆ ಏರಿ ಬಂದ, ಸುಮಾರು ಏಳು ಕಿಲೋ ಜಾಸ್ತಿ. ಜೋಶುವಾ ಸುಮಾರು ಐದು ಕಿಲೋ ಇಳಿಸಿದ್ದ. ತಕ್ಕಡಿ ಅರ್ಧ ಉತ್ತರ ಹೇಳಿಬಿಟ್ಟಿತ್ತು: ಒಬ್ಬ ಹತ್ತಿರ ಹೋಗದೆ ಹನ್ನೆರಡು ರೌಂಡ್ ಓಡಾಡಲು ತಯಾರಾಗಿದ್ದಾನೆ, ಇನ್ನೊಬ್ಬನಿಗೆ ಅವನನ್ನು ಹಿಡಿಯಲು ಬೇಕಾದ ಕಾಲೇ ಇಲ್ಲ. ಜೋಶುವಾ 118-110, 118-110, 119-109ರಿಂದ ಗೆದ್ದ. ಮೂರು ತಿಂಗಳು ಮೋಜಿನಲ್ಲೇ ಕಳೆದೆ ಎಂದು ರೂಯಿಜ್ ಆಮೇಲೆ ತಾನೇ ಒಪ್ಪಿಕೊಂಡ.

ಹಾಗಂತ "ತೂಕ ಏರಿದವನು ಸೋಲುತ್ತಾನೆ" ಎಂದು ಬರೆದುಕೊಳ್ಳಬೇಡಿ. ಫ್ಯೂರಿಯ ಎರಡು ಮರುಪಂದ್ಯ ಪಕ್ಕಪಕ್ಕ ಇಟ್ಟು ನೋಡಿ. 2018ರಲ್ಲಿ ಡಿಯಾಂಟೇ ವೈಲ್ಡರ್ ಜೊತೆ ಡ್ರಾ ಆದಾಗ ಅವನು 256.5 ಪೌಂಡ್. 2020ರ ಫೆಬ್ರವರಿಯಲ್ಲಿ 273. ಏಳನೇ ರೌಂಡ್‌ಗೆ ಗೆದ್ದ. ಉಸಿಕ್ ಎದುರು 262ರಿಂದ 281ಕ್ಕೆ ಏರಿದ, ಸೋತ. ಅದೇ ಮನುಷ್ಯ, ಹೆಚ್ಚುಕಡಿಮೆ ಅಷ್ಟೇ ಏರಿಕೆ. ವೈಲ್ಡರ್‌ನ ಬಲಗೈ ಭಯಂಕರ. ಆದರೆ ಅದನ್ನು ಬೀಸಲು ಅವನಿಗೆ ಮುಂದೆ ಜಾಗ ಬೇಕು, ಹಿಂದಕ್ಕೆ ನಡೆಯುತ್ತಾ ಹೊಡೆಯಲು ಬರುವುದಿಲ್ಲ. ಫ್ಯೂರಿ ಕೋಚ್ ಬದಲಿಸಿ, ಶುಗರ್‌ಹಿಲ್ ಸ್ಟೀವರ್ಡ್ ಜೊತೆ ತಯಾರಾಗಿ, ಮೈಭಾರ ಹಾಕಿ ಅವನನ್ನು ಹಿಂದಕ್ಕೆ ತಳ್ಳಿದ. ಭಾರಕ್ಕೆ ಕೆಲಸ ಇತ್ತು. ಉಸಿಕ್ ಭಾರ ಹೊರಲು ಎದುರಿಗೆ ನಿಲ್ಲುವವನೇ ಅಲ್ಲ. ಹೆಚ್ಚಿನ ತೂಕ ಅಲ್ಲಿ ಫ್ಯೂರಿಯ ಕಾಲಿಗೇ ಹೊರೆ. ತೂಕ ನೋಡಿದಾಗಲೆಲ್ಲ "ಯಾತಕ್ಕೆ?" ಎಂದು ಕೇಳಿಕೊಳ್ಳಿ.

ಸೋತವನ ಮಾತು ಕೇಳಿ

ಇದು ಚಿಕ್ಕ ವಿಷಯ, ಆದರೆ ಬಹಳ ಉಪಯೋಗಕ್ಕೆ ಬರುತ್ತದೆ. 2020ರ ಸೋಲಿನ ನಂತರ ವೈಲ್ಡರ್, ರಿಂಗ್‌ಗೆ ಬರುವಾಗ ತೊಟ್ಟಿದ್ದ ಭಾರದ ವೇಷವೇ ಕಾಲಿನ ಶಕ್ತಿ ಹೀರಿತು ಎಂದ. ಟವೆಲ್ ಎಸೆದು (ಸೋಲೊಪ್ಪಿಕೊಳ್ಳುವ ಸನ್ನೆ) ಅವನನ್ನು ಉಳಿಸಿದ ಕೋಚ್‌ನನ್ನು ಕಿತ್ತುಹಾಕಿದ. ಕಾರಣ ಹೊರಗಿದೆ ಎಂದು ನಂಬಿದವನು ಒಳಗಿನದನ್ನು ಪೂರ್ತಿ ರಿಪೇರಿ ಮಾಡುವುದು ಕಷ್ಟ. 2021ರ ಮೂರನೇ ಪಂದ್ಯದಲ್ಲಿ ಅವನು ಎದೆಗಾರಿಕೆಯಿಂದ ಆಡಿದ, ನಾಲ್ಕನೇ ರೌಂಡ್‌ನಲ್ಲಿ ಫ್ಯೂರಿಯನ್ನು ಎರಡು ಸಲ ಕೆಡವಿಯೂ ಕೆಡವಿದ. ಅವನ ಬಗ್ಗೆ ನನಗೆ ಗೌರವ ಇದೆ. ಆದರೂ ಹನ್ನೊಂದನೇ ರೌಂಡ್‌ಗೆ ನಾಕ್‌ಔಟ್ ಆದ.

ಆ ಎರಡು ನಾಕ್‌ಡೌನ್‌ಗಳು ಇನ್ನೊಂದು ಪಾಠ. ಹೆವಿವೇಟ್‌ನಲ್ಲಿ ಒಂದೇ ಪಂಚ್ ಎಲ್ಲ ಲೆಕ್ಕಾಚಾರ ತಲೆಕೆಳಗು ಮಾಡಬಲ್ಲದು. ನಿಮ್ಮ ಊಹೆಯನ್ನು ನೂರಕ್ಕೆ ಇಷ್ಟು ಎಂದು ಬರೆಯಿರಿ. ನಾನಂತೂ ಯಾವ ಹೆವಿವೇಟ್ ಪಂದ್ಯಕ್ಕೂ ತೊಂಬತ್ತು ದಾಟುವುದಿಲ್ಲ.

ಸೇಡಿನ ಕಥೆಗಳಿಗೆ ಮರುಳಾಗಬೇಡಿ ಅನ್ನುವುದೂ ಇದಕ್ಕೆ ಸೇರಿದ್ದು. ತಿರುಗಿಬಿದ್ದು ಗೆದ್ದ ಪಂದ್ಯಗಳು ಎಲ್ಲರ ನೆನಪಿನಲ್ಲಿವೆ, ಅದೇ ಫಲಿತಾಂಶ ಮರುಕಳಿಸಿದವು ಬೇಗ ಮರೆತುಹೋಗುತ್ತವೆ. ಉಸಿಕ್ ಒಬ್ಬನೇ ಜೋಶುವಾ, ಫ್ಯೂರಿ, ಡೇನಿಯಲ್ ಡುಬೋಯಿಸ್ ಮೂವರನ್ನೂ ಎರಡೆರಡು ಸಲ ಸೋಲಿಸಿದ್ದಾನೆ. ಡುಬೋಯಿಸ್ ವಿಷಯದಲ್ಲಿ ಬಹಳ ಜನ ಎಡವಿದರು. 2023ರಲ್ಲಿ ಒಂಬತ್ತನೇ ರೌಂಡ್‌ಗೆ ಸೋತವನು 2024ರಲ್ಲಿ ಜೋಶುವಾನನ್ನು ಐದೇ ರೌಂಡ್‌ನಲ್ಲಿ ಮುಗಿಸಿದ್ದ, ಉಸಿಕ್‌ಗೆ 38 ತುಂಬಿತ್ತು. ಡುಬೋಯಿಸ್ ಸುಧಾರಿಸಿದ್ದು ನಿಜ. ಆದರೆ ಜೋಶುವಾ ಅವನ ಎದುರಿಗೇ ನಿಂತು ಆಡಿದವನು. ಉಸಿಕ್‌ನ ಕಾಲಿಗೆ ಅವನಲ್ಲಿ ಉತ್ತರ ಸಿಕ್ಕಿದೆ ಅನ್ನುವುದಕ್ಕೆ ಆ ಗೆಲುವು ಸಾಕ್ಷಿ ಆಗುವುದಿಲ್ಲ. 2025ರ ಜುಲೈನಲ್ಲಿ ವೆಂಬ್ಲಿಯಲ್ಲಿ ಉಸಿಕ್ ಐದನೇ ರೌಂಡ್‌ಗೆ ನಾಕ್‌ಔಟ್ ಮಾಡಿದ.

ಅಭ್ಯಾಸಕ್ಕೆ

ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಅವರ 1971ರ ಮಾರ್ಚ್ 8ರ ಪಂದ್ಯವನ್ನು ಸೌಂಡ್ ಆಫ್ ಮಾಡಿ ನೋಡಿ. ಕಾಮೆಂಟರಿ ಕೇಳುತ್ತಾ ನೋಡಿದರೆ ನಮ್ಮ ಅಂಕಗಳೂ ಅವರ ದನಿಯ ಹಿಂದೆ ಹೋಗುತ್ತವೆ. ಪ್ರತಿ ರೌಂಡ್ ಮುಗಿದ ಕೂಡಲೇ ವಿಡಿಯೋ ನಿಲ್ಲಿಸಿ ಅಂಕ ಬರೆಯಿರಿ. ಫ್ರೇಜಿಯರ್ ತಲೆ ಬಗ್ಗಿಸಿ ಒಳಗೆ ಬಂದು ಎಡ ಹುಕ್ ಹೊಡೆಯುತ್ತಾನೆ, ಹದಿನೈದನೇ ರೌಂಡ್‌ನಲ್ಲಿ ಅಲಿ ಬಿದ್ದದ್ದೂ ಅದಕ್ಕೇ. ಅಲಿಯ ಸೋಲಿನ ಕಾರಣ ಒಂದು ಸಾಲಿನಲ್ಲಿ ಬರೆದು, ಅಲಿ ಏನು ಬದಲಿಸಬಹುದು ಎಂದು ಊಹಿಸಿ. ಆಮೇಲೆ 1974ರ ಜನವರಿ 28ರ ಮರುಪಂದ್ಯ ಹಾಕಿ. ಫ್ರೇಜಿಯರ್ ಒಳಗೆ ಬಂದಾಗಲೆಲ್ಲ ಅಲಿಯ ಗ್ಲೌಸ್ ಅವನ ಕತ್ತಿನ ಹಿಂದೆ ಎಷ್ಟು ಸಲ ಹೋಗುತ್ತದೆ, ಹಿಡಿದ ಮೇಲೆ ಫ್ರೇಜಿಯರ್‌ನ ಎಡಗೈಗೆ ಎಷ್ಟು ಜಾಗ ಉಳಿಯುತ್ತದೆ, ರೆಫರಿ ಅದಕ್ಕೆ ಏನು ಮಾಡುತ್ತಾರೆ, ಈ ಮೂರನ್ನೂ ಗುರುತು ಹಾಕಿಕೊಂಡು ಬನ್ನಿ. ನಿಮ್ಮ ಕಾರ್ಡ್‌ಗಳನ್ನು ಒಟ್ಟಿಗೆ ಇಟ್ಟು ಚರ್ಚೆ ಮಾಡೋಣ.