ಕೆರೆಪಕುಪಾಯ್ ಮೆರು: ಎರಡು ಎತ್ತರ, ಮೂರು ಹೆಸರು

ಜಗತ್ತಿನ ಅತಿ ಎತ್ತರದ ಜಲಪಾತ ಏಂಜೆಲ್, ಅದು ವೆನೆಜುವೆಲಾದಲ್ಲಿದೆ. ಇಷ್ಟು ಎಲ್ಲರಿಗೂ ಬಾಯಿಪಾಠ. ತಲೆ ಕೆಡುವುದು ಪರೀಕ್ಷೆಯಲ್ಲಿ ಎತ್ತರ ಎಷ್ಟು ಎಂದು ಕೇಳಿದಾಗ. ಒಂದು ಪುಸ್ತಕದಲ್ಲಿ 979 ಮೀಟರ್, ಇನ್ನೊಂದರಲ್ಲಿ 807. ಮುದ್ರಣದೋಷ ಎಂದು ಯಾವುದನ್ನೂ ಹೊಡೆದುಹಾಕಬೇಡಿ. ಎರಡೂ ಸರಿಯೇ, ಅಳೆದದ್ದು ಮಾತ್ರ ಬೇರೆ ಬೇರೆ.

807 ಎಂದರೆ ನೀರು ಎಲ್ಲೂ ಬಂಡೆಗೆ ತಾಗದೆ ಒಂದೇ ನೆಗೆತಕ್ಕೆ ಬೀಳುವ ಎತ್ತರ. 979 ಎಂದರೆ ಮೇಲಿನಿಂದ ಬುಡದವರೆಗಿನ ಒಟ್ಟು ಎತ್ತರ. ವ್ಯತ್ಯಾಸ 172 ಮೀಟರ್. ಈ 172 ಎಲ್ಲಿ ಹೋಯಿತು ಎಂಬುದನ್ನು ನಿಧಾನವಾಗಿ ನೋಡಬೇಕು. ದೊಡ್ಡ ಧುಮುಕು ಮುಗಿದ ಜಾಗದಲ್ಲಿ ನೀರು ನಿಲ್ಲುವುದಿಲ್ಲ. ಗೋಡೆಯಿಂದ ಉದುರಿ ರಾಶಿಬಿದ್ದ ಬಂಡೆಗಳ ಇಳಿಜಾರಿನಲ್ಲಿ ನೊರೆಗಟ್ಟಿಕೊಂಡು ಇಳಿಯುತ್ತದೆ. ಅದರ ಕೆಳಗೆ ಸುಮಾರು 30 ಮೀಟರಿನ ಇನ್ನೊಂದು ಚಿಕ್ಕ ಜಲಪಾತ. ಇಳಿಜಾರಿನಲ್ಲಿ ಕಳೆದ ಎತ್ತರ ಮತ್ತು ಈ ಚಿಕ್ಕ ಜಲಪಾತ ಸೇರಿಯೇ 172.

ಕೆಲವು ಕಡೆ ಇಳಿಜಾರಿನ ಭಾಗ 400 ಮೀಟರ್ ಎಂದು ಬರೆದಿರುತ್ತಾರೆ. ಅದನ್ನು ಎತ್ತರವೆಂದು ತಿಳಿದು ಕೂಡಿದರೆ 807 + 400 + 30 = 1237 ಬರುತ್ತದೆ, 979ನ್ನು ದಾಟಿಹೋಗುತ್ತದೆ. ಹಾಗಾಗಿ ಆ 400 ನೆಟ್ಟಗಿನ ಎತ್ತರವಾಗಿರಲು ಸಾಧ್ಯವೇ ಇಲ್ಲ, ಇಳಿಜಾರಿನುದ್ದಕ್ಕೆ ನೀರು ಸಾಗುವ ದೂರವೆಂದೇ ಓದಬೇಕು. 172ರಲ್ಲಿ 30 ಕಳೆದರೆ ಉಳಿಯುವುದು 142. ಅಂದರೆ ಸುಮಾರು 400 ಮೀಟರ್ ಸಾಗುವಷ್ಟರಲ್ಲಿ ನೀರು ಸುಮಾರು 142 ಮೀಟರ್ ಕೆಳಗಿಳಿಯುತ್ತದೆ. ಇದಿಷ್ಟನ್ನು ಒಂದು ಹಾಳೆಯಲ್ಲಿ ಗೆರೆ ಎಳೆದು ನೋಡಿ: ನೆಟ್ಟಗಿನ ಉದ್ದ ಗೆರೆ, ಓರೆ ಗೆರೆ, ಕೊನೆಗೊಂದು ಗಿಡ್ಡ ಗೆರೆ. ಆಮೇಲೆ ಅಂಕಿಗಳು ತಾವಾಗಿಯೇ ಜಾಗ ಹಿಡಿದು ಕೂರುತ್ತವೆ. ಅಡಿಗಳಲ್ಲಿ ಕೇಳಿದರೆ ಒಟ್ಟು 3212, ಒಂದೇ ಧುಮುಕು 2648.

ಅಂದಾಜಿಗೆ ನಮ್ಮ ಜೋಗವನ್ನೇ ಇಟ್ಟುಕೊಳ್ಳಿ. ಜೋಗದ ಎತ್ತರ 253 ಮೀಟರ್. ಮೂರು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ 759. ಆ ಒಂದು ಧುಮುಕಿಗೇ ಇನ್ನೂ 48 ಮೀಟರ್ ಬೇಕು.

ದಕ್ಷಿಣ ಆಫ್ರಿಕಾದ ಟುಗೆಲಾ ಜಲಪಾತದ ತಕರಾರಿಗೂ ಇದೇ ಕೀಲಿಕೈ. ಅದರ ಒಟ್ಟು ಎತ್ತರ 948 ಮೀಟರ್ ಎಂದು ಪುಸ್ತಕಗಳು ಹೇಳುತ್ತವೆ. ನಿಜವಾದ ಎತ್ತರ ಅದಕ್ಕಿಂತ ಹೆಚ್ಚು, ಏಂಜೆಲನ್ನೂ ಮೀರುತ್ತದೆ ಎಂದು ವಾದಿಸುವವರಿದ್ದಾರೆ. ಆದರೆ ಟುಗೆಲಾ ಇಳಿಯುವುದು ಹಂತ ಹಂತವಾಗಿ. ಪ್ರಶ್ನೆಯಲ್ಲಿ ‘ಒಂದೇ ಧುಮುಕು’ ಎಂದಿದ್ದರೆ ಅಲ್ಲಿ ವಾದಕ್ಕೆ ಎಡೆಯೇ ಇಲ್ಲ.

ಇನ್ನು ಹೆಸರು. ಏಂಜೆಲ್ ಎಂದರೆ ಇಲ್ಲಿ ದೇವದೂತನಲ್ಲ, ಅಮೆರಿಕದ ವಿಮಾನ ಚಾಲಕ ಜಿಮ್ಮಿ ಏಂಜೆಲ್‌ನ ಮನೆತನದ ಹೆಸರು. ಇವನ ವಿಷಯದಲ್ಲಿ ಎರಡು ವರ್ಷಗಳು ಅದಲುಬದಲಾಗುತ್ತವೆ. 1933ರಲ್ಲಿ ಅವನು ಆಕಾಶದಿಂದ ಜಲಪಾತವನ್ನು ಕಂಡ. 1937ರ ಅಕ್ಟೋಬರ್ 9ರಂದು ಅದರ ನೆತ್ತಿಯ ಮೇಲಿನ ಔಯಾನ್-ಟೆಪುಯಿ ಬೆಟ್ಟದಲ್ಲಿ ವಿಮಾನ ಇಳಿಸಿದ. ಚಕ್ರಗಳು ಕೆಸರಿನಲ್ಲಿ ಹೂತುಹೋದವು. ಹೆಂಡತಿ ಮತ್ತು ಇನ್ನಿಬ್ಬರು ಸಂಗಡಿಗರೊಂದಿಗೆ 11 ದಿನ ನಡೆದು ಕೆಳಗಿಳಿಯಬೇಕಾಯಿತು. ವಿಮಾನ ಮಾತ್ರ 1970ರವರೆಗೆ ಬೆಟ್ಟದ ಮೇಲೆಯೇ ಬಿದ್ದಿತ್ತು. ನನಗೆ ಈ ಕಥೆ ಇಷ್ಟ, ಆದರೆ ಅಂಕ ಬರುವುದು ವರ್ಷಕ್ಕೆ. ಕಂಡದ್ದು ಮೊದಲು, ಇಳಿದದ್ದು ಆಮೇಲೆ. ಎತ್ತರವನ್ನು ಅಳೆದದ್ದು ಅವನಲ್ಲ, 1949ರಲ್ಲಿ ಪತ್ರಕರ್ತೆ ರೂತ್ ರಾಬರ್ಟ್‌ಸನ್ ಅವರ ತಂಡ.

ಅಲ್ಲಿನ ಮೂಲನಿವಾಸಿಗಳು ಪೆಮೋನ್ ಜನ. ಅವರ ಭಾಷೆಯಲ್ಲಿ ಜಲಪಾತದ ಹೆಸರು ಕೆರೆಪಕುಪಾಯ್ ಮೆರು, ಅಂದರೆ ಅತ್ಯಂತ ಆಳದ ಜಾಗದ ಜಲಪಾತ. ‘ಕೆರೆಪಕುಪಾಯ್ ವೆನಾ’ ಎಂದು ಕಂಡರೂ ಗಾಬರಿಯಾಗಬೇಡಿ, ಅದೂ ಇದೇ ಜಲಪಾತ. ಗಮನಿಸಿ: ಮೆರು ಎಂದರೆ ಜಲಪಾತ. ನಮ್ಮ ಕಿವಿಗೆ ಮೇರು ಪರ್ವತ ಕೇಳಿಸಿ ಉತ್ತರಪತ್ರಿಕೆಯಲ್ಲಿ ಬೆಟ್ಟದ ಹೆಸರಾಗಿ ಇಳಿಯುವ ಅಪಾಯವಿದೆ. ಬೆಟ್ಟಕ್ಕೆ ಅಲ್ಲಿನ ಪದ ಟೆಪುಯಿ.

ನಿಜವಾದ ಬಲೆ ಮೂರನೆಯ ಹೆಸರು: ಚುರುನ್ ಮೆರು. ಏಂಜೆಲ್‌ನ ಸ್ಥಳೀಯ ಹೆಸರು ಇದೇ ಎಂದು ಎಷ್ಟೋ ಕಡೆ ಅಚ್ಚಾಗಿದೆ. ಅದು ಅದೇ ಬೆಟ್ಟದ ಬೇರೊಂದು ಜಲಪಾತದ ಹೆಸರು. ಏಂಜೆಲ್‌ನ ನೀರು ಹೋಗಿ ಸೇರುವುದು ಚುರುನ್ ನದಿಯನ್ನು, ಗೊಂದಲದ ಬೇರು ಅಲ್ಲೇ ಇದ್ದಂತಿದೆ. ವೆನೆಜುವೆಲಾದ ಅಧ್ಯಕ್ಷ ಹ್ಯೂಗೊ ಚಾವೆಸ್ 2009ರ ಡಿಸೆಂಬರಿನಲ್ಲಿ ತಮ್ಮ ಟಿವಿ ಕಾರ್ಯಕ್ರಮದಲ್ಲಿ ‘ಜಿಮ್ಮಿ ಏಂಜೆಲ್ ಬರುವುದಕ್ಕೆ ಬಹಳ ಹಿಂದಿನಿಂದಲೂ ಇದು ನಮ್ಮದೇ, ಸ್ಥಳೀಯ ಹೆಸರನ್ನೇ ಬಳಸೋಣ’ ಎಂದಾಗ ಅವರ ಬಾಯಿಗೂ ಮೊದಲು ಬಂದದ್ದು ಚುರುನ್ ಮೆರು ಎಂದೂ, ಮಗಳು ತಿದ್ದಿದಳು ಎಂದೂ ವರದಿಗಳಿವೆ. ದೇಶದ ಅಧ್ಯಕ್ಷರಿಗೇ ಹೀಗಾದ ಮೇಲೆ ಪರೀಕ್ಷೆಯ ಗೈಡುಗಳನ್ನು ಬೈದು ಏನು ಪ್ರಯೋಜನ! ಹೆಸರು ಬದಲಾವಣೆಗೆ ತಾವು ಆಜ್ಞೆ ಹೊರಡಿಸುವುದಿಲ್ಲ ಎಂದು ಚಾವೆಸ್ ಆಮೇಲೆ ಹೇಳಿದರು. ಆದ್ದರಿಂದ ‘2009ರಲ್ಲಿ ಏಂಜೆಲ್ ಹೆಸರು ರದ್ದಾಯಿತು’ ಎಂಬ ಹೇಳಿಕೆ ಕೊಟ್ಟರೆ ತಪ್ಪು ಎಂದು ಗುರುತು ಹಾಕಿ.

ಉಳಿದದ್ದು ಚುಟುಕಾಗಿ. ಜಲಪಾತ ಇರುವುದು ಬೊಲಿವಾರ್ ರಾಜ್ಯದ ಕನೈಮಾ ರಾಷ್ಟ್ರೀಯ ಉದ್ಯಾನದಲ್ಲಿ. ಉದ್ಯಾನ ಸ್ಥಾಪನೆಯಾದದ್ದು 1962ರಲ್ಲಿ, ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1994ರಲ್ಲಿ. ಟೆಪುಯಿಗಳು ತಲೆ ಚಪ್ಪಟೆಯಾದ ಮರಳುಗಲ್ಲಿನ ಬೆಟ್ಟಗಳು. ಮೇಲೆ ಹಿಮವಿಲ್ಲ, ಮಳೆನೀರೇ ಜಲಪಾತವಾಗುತ್ತದೆ. ಹೀಗಾಗಿ ಮಳೆ ಕಡಿಮೆಯಾದ ತಿಂಗಳುಗಳಲ್ಲಿ ನೀರು ನೂಲಿನಷ್ಟು ತೆಳುವಾಗಿ, ಕೆಳಗೆ ಮುಟ್ಟುವ ಮೊದಲೇ ಬಹುಪಾಲು ತುಂತುರಾಗಿ ಚದುರಿಹೋಗುತ್ತದೆ.

ಏಂಜೆಲ್‌ನ ನೀರು ಒಂದರಿಂದ ಇನ್ನೊಂದಕ್ಕೆ ಹರಿದುಹೋಗುವ ನದಿಗಳ ಸರಣಿಯನ್ನು ಕ್ರಮವಾಗಿಯೇ ಕಲಿಯಿರಿ: ಕೆರೆಪ್, ಚುರುನ್, ಕರಾವೊ, ಕರೋನಿ, ಒರಿನೊಕೊ. ಕರೋನಿ ನದಿಯ ಮೇಲೆ ‘ಗುರಿ’ ಎಂಬ ಹೆಸರಿನ ಅಣೆಕಟ್ಟು ಇದೆ, ವೆನೆಜುವೆಲಾದ ವಿದ್ಯುತ್ತಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಜಲಪಾತದ ಪ್ರಶ್ನೆಯ ಬೆನ್ನಿಗೇ ಅಣೆಕಟ್ಟಿನದೂ ಬರಬಹುದು.